ಜೀಪಿನೊಳಗೆ ನೀರು ಹೋಗುವ ದಾರಿಗಳು

ಮಳೆಗಾಲದ ಹೊಸ್ತಿಲಿನ ಪತ್ತನಾಜೆ ಹತ್ತಿರ ಬಂತು ಅಂತ ನನಗೆ ಕ್ಯಾಲೆಂಡರ್ ನೋಡದೆಯೂ ಗೊತ್ತಾಗುತ್ತದೆ, ಜೀಪಿನ ಬಗ್ಗೆ ಓದುಗರು ಬರೆಯುವ ಪತ್ರಗಳು ಹೇಳುತ್ತವೆ. ಮಾರ್ಚಿನಲ್ಲಿ ಮೈಲೇಜು, ಹೊಗೆ, ಎಂಜಿನ್ ಬಿಸಿ ಅಂತ ಕೇಳುತ್ತಿದ್ದವರು ಈಗ ಬ್ರೇಕು, ತುಕ್ಕು, ಹೊಳೆ ದಾಟುವುದು ಅಂತ ಶುರು ಮಾಡಿದ್ದಾರೆ. ಸರಿಯೇ ಇದೆ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಕಾಸರಗೋಡು ಜಿಲ್ಲೆ ನಮ್ಮದು, ಅದರಲ್ಲಿ ಹೆಚ್ಚಿನದು ನಾಲ್ಕೇ ತಿಂಗಳಲ್ಲಿ. ನಮ್ಮ ಕಡೆ ಎಂಜಿನ್ ಸವೆದು ಗುಜರಿಗೆ ಹೋದ ಜೀಪು ನಾನು ನೋಡಿದ್ದು ಕಡಿಮೆ. ಎಂಜಿನ್ ಗಟ್ಟಿಯಾಗಿರುವಾಗಲೇ ತಳ ಉದುರಿ, ಆಕ್ಸಲಿನ ಗೇರು ಇರುವ ಹೌಸಿಂಗಿನೊಳಗೆ ನೀರು ನಿಂತು ಹಾಳಾದವೇ ಜಾಸ್ತಿ. ಈ ಸಲದ ಪ್ರಶ್ನೆಗಳನ್ನು ಆರಿಸುವಾಗ ಅದನ್ನೇ ತಲೆಯಲ್ಲಿಟ್ಟುಕೊಂಡಿದ್ದೇನೆ.

ಪ್ರಶ್ನೆ: ಅಪ್ಪ ಓಡಿಸುತ್ತಿದ್ದ ಎಂಎಂ 540 ಜೀಪು ಎರಡು ವರ್ಷದಿಂದ ಕೊಟ್ಟಿಗೆಯಲ್ಲಿ ನಿಂತಿದೆ. ಪ್ಯೂಜೋ ಡೀಸೆಲ್ ಎಂಜಿನ್. ಮಳೆಗೆ ಮೊದಲು ಓಡುವ ಹಾಗೆ ಮಾಡಬೇಕು. ಹೊಸ ಬ್ಯಾಟರಿ ತಂದಿಟ್ಟಿದ್ದೇನೆ. ನೇರ ಸೆಲ್ಫ್ ಹೊಡೆಯಬಹುದಾ ಅಣ್ಣಾ? — *ಬದಿಯಡ್ಕದ ಓದುಗರು*

ಹೊಡೆಯಬೇಡಿ. ಬ್ಯಾಟರಿ ಅಲ್ಲೇ ಇರಲಿ, ಅದರ ಸರದಿ ಕೊನೆಗೆ.

ಮೊದಲು ಬಾನೆಟ್ ಎತ್ತಿ ಟಾರ್ಚ್ ಹಾಕಿ ನೋಡಿ. ಅಡಿಕೆ ಇಟ್ಟ ಕೊಟ್ಟಿಗೆ ಅಂದರೆ ಇಲಿ ಇದ್ದೇ ಇರುತ್ತದೆ, ಇಲಿ ಇದ್ದರೆ ವಯರು ಕಡಿದಿರುತ್ತದೆ. ಏರ್ ಫಿಲ್ಟರ್ ಬಿಚ್ಚಿ. ನಮ್ಮ ಮನೆಯದರಲ್ಲಿ ಒಮ್ಮೆ ಬಟ್ಟೆ ಚೂರು, ತೆಂಗಿನ ನಾರು ಎಲ್ಲ ಸೇರಿಸಿ ಚೆಂದದ ಬಾಣಂತನದ ಕೋಣೆಯೇ ಆಗಿತ್ತು. ಅದನ್ನು ನೋಡದೆ ಸ್ಟಾರ್ಟ್ ಮಾಡಿದ್ದರೆ ಆ ನಾರೆಲ್ಲ ಎಂಜಿನ್ನಿನೊಳಗೆ.

ಆಮೇಲೆ ಎಂಜಿನ್ ತಿರುಗುತ್ತದಾ ನೋಡಬೇಕು, ಕೈಯಲ್ಲಿ. ಹೀಟರ್ ಪ್ಲಗ್ ನಾಲ್ಕನ್ನೂ ಬಿಚ್ಚಿ, ಪ್ರತಿ ತೂತಿಗೂ ಒಂದೆರಡು ಚಮಚ ಎಂಜಿನ್ ಆಯಿಲ್ ಬಿಟ್ಟು ಒಂದು ರಾತ್ರಿ ಬಿಡಿ. ಮರುದಿನ ಮುಂದಿನ ಪುಲ್ಲಿಯ ಬೋಲ್ಟಿಗೆ ಸಾಕೆಟ್ ಹಾಕಿ ನಿಧಾನಕ್ಕೆ ತಿರುಗಿಸಿ. ಪ್ಲಗ್ ಬಿಚ್ಚಿರುವುದರಿಂದ ಕಂಪ್ರೆಶನ್ ಇರುವುದಿಲ್ಲ, ಆರಾಮಾಗಿ ತಿರುಗಬೇಕು. ಎರಡು ಸುತ್ತು ಸಲೀಸಾಗಿ ಬಂದರೆ ಅರ್ಧ ಗೆದ್ದಿರಿ. ಎಲ್ಲೋ ಗಟ್ಟಿ ಹಿಡಿದರೆ ಉದ್ದದ ಪೈಪು ಸಿಕ್ಕಿಸಿ ಎಳೆಯಲು ಹೋಗಬೇಡಿ, ಇನ್ನೊಂದು ರಾತ್ರಿ ಆಯಿಲ್ ಇಳಿಯಲಿ. ಪ್ಲಗ್ ವಾಪಸ್ ಹಾಕುವ ಮೊದಲು, ಆ ತೂತುಗಳಿಂದ ಉಳಿದ ಆಯಿಲ್ ಹೊರಗೆ ಚಿಮ್ಮಿ ಹೋಗುವಷ್ಟು ಸೆಲ್ಫ್ ಹೊಡೆಯಿರಿ. ಮುಖ ದೂರ ಇರಲಿ. ಬ್ಯಾಟರಿಯ ಸರದಿ ಇದು.

ಇನ್ನು ಡೀಸೆಲ್. ಅರ್ಧ ಖಾಲಿ ಟ್ಯಾಂಕು ಎರಡು ಮಳೆಗಾಲ ನಿಂತಿದೆ ಅಂದರೆ ಒಳಗೆ ಗಾಳಿಯ ತೇವ ಬೆವರಿ ಬೆವರಿ ನೀರಾಗಿ ತಳ ಸೇರಿದೆ. ಟ್ಯಾಂಕಿನ ಡ್ರೈನ್ ಬಿಚ್ಚಿ ಒಂದು ಗಾಜಿನ ಬಾಟಲಿಗೆ ಹಿಡಿಯಿರಿ. ಹತ್ತು ನಿಮಿಷ ಬಿಟ್ಟರೆ ಕೆಳಗೆ ನೀರು, ಮೇಲೆ ಡೀಸೆಲ್, ನಡುವೆ ಗೆರೆ ಎಳೆದ ಹಾಗೆ ಕಾಣುತ್ತದೆ. ಆ ಗೆರೆ ಕಾಣದಾಗುವವರೆಗೂ ಇಳಿಸುತ್ತಲೇ ಇರಿ. ಫಿಲ್ಟರ್ ಹೊಸದು ಹಾಕಿ, ಜುಗ್ಗತನ ಬೇಡ.

ಫಿಲ್ಟರ್ ಬಿಚ್ಚಿದರೆ ಲೈನಿಗೆ ಗಾಳಿ ಹೋಗುತ್ತದೆ. ಗಾಳಿ ಇದ್ದರೆ ಡೀಸೆಲ್ ಎಂಜಿನ್ ಜಪ್ಪಯ್ಯ ಅಂದರೂ ಸ್ಟಾರ್ಟ್ ಆಗುವುದಿಲ್ಲ. ಎಷ್ಟೋ ಜನ ಇಲ್ಲೇ ಬ್ಯಾಟರಿ ಮುಗಿಸಿ, ಪಂಪು ಕೆಟ್ಟಿದೆ ಅಂತ ಮೇಸ್ತ್ರಿಯನ್ನು ಕರೆಯುತ್ತಾರೆ. ಕೆಲಸ ಕಾಲು ಗಂಟೆಯದ್ದು. ಫಿಲ್ಟರಿನ ತಲೆಯ ಮೇಲಿನ ಸಣ್ಣ ಸ್ಕ್ರೂ ಒಂದೂವರೆ ಸುತ್ತು ಸಡಿಲಿಸಿ, ಕೈ ಪಂಪು ಒತ್ತುತ್ತಾ ಹೋಗಿ. ಮೊದಲು ಏನೂ ಇಲ್ಲ. ಆಮೇಲೆ ಸೋಪಿನ ನೊರೆ ಥರ ಬುಸ್ ಬುಸ್ ಅಂತ ಬರುತ್ತದೆ. ನಂತರ ನೊರೆ, ಡೀಸೆಲ್, ನೊರೆ, ಡೀಸೆಲ್. ಕೊನೆಗೆ ಒಂದೂ ಗುಳ್ಳೆ ಇಲ್ಲದ ತೆಳ್ಳಗಿನ ಧಾರೆ. ಇನ್ನೊಂದು ಕೈಯಲ್ಲಿ ಒತ್ತುತ್ತಿರುವಾಗಲೇ ಸ್ಕ್ರೂ ಬಿಗಿ ಮಾಡಿ, ಒತ್ತುವುದು ನಿಲ್ಲಿಸಿ ಬಿಗಿ ಮಾಡಿದರೆ ಗಾಳಿ ವಾಪಸ್ ಹೋಗಿ ಕೂರುತ್ತದೆ. ಇದನ್ನೇ ಇಂಜೆಕ್ಷನ್ ಪಂಪಿನ ಸ್ಕ್ರೂವಿನಲ್ಲೂ ಮಾಡಿ. ಒಂದು ಎಚ್ಚರಿಕೆ: ಇಂಜೆಕ್ಟರಿನ ಪೈಪುಗಳಲ್ಲಿ ಡೀಸೆಲ್ ಭಯಂಕರ ಪ್ರೆಶರಿನಲ್ಲಿ ಬರುತ್ತದೆ, ಲೀಕ್ ಎಲ್ಲಿ ಅಂತ ಬೆರಳಿಟ್ಟು ನೋಡಬೇಡಿ. ಚರ್ಮದೊಳಗೇ ಹೊಕ್ಕುಬಿಡುತ್ತದೆ.

ಸ್ಟಾರ್ಟ್ ಆಯಿತು, ಆದರೆ ಗೇರ್ ಬೀಳುತ್ತಿಲ್ಲ ಅಂದರೆ ಹೆದರಬೇಡಿ. ಕ್ಲಚ್ ಪ್ಲೇಟು ಫ್ಲೈವೀಲಿಗೆ ತುಕ್ಕಿನಿಂದ ಅಂಟಿರುತ್ತದೆ. ಇಷ್ಟು ದಿನ ನಿಂತ ಗಾಡಿಗೆ ಇದು ಮಾಮೂಲು. ಎದುರಿಗೆ ಯಾರೂ ಇಲ್ಲದ ಬಯಲಿಗೆ ತಳ್ಳಿಕೊಂಡು ಹೋಗಿ, ಎಂಜಿನ್ ಆಫ್ ಇರುವಾಗಲೇ ಒಂದನೇ ಗೇರಿಗೆ ಹಾಕಿ, ಕ್ಲಚ್ ತುಳಿದು ಸೆಲ್ಫ್ ಹೊಡೆಯಿರಿ. ಜೀಪು ಹೊರಡುತ್ತದೆ. ಕ್ಲಚ್ ತುಳಿದುಕೊಂಡೇ ಆಕ್ಸಿಲರೇಟರ್ ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡುತ್ತಿದ್ದರೆ ಟಪ್ ಅಂತ ಬಿಡುತ್ತದೆ. ಬ್ರೇಕ್ ಹಿಡಿಯುತ್ತದಾ ಅಂತ ಇದಕ್ಕಿಂತ ಮೊದಲೇ ನೋಡಿಕೊಳ್ಳಿ, ದಯವಿಟ್ಟು.

ಟಯರು ಹೊರಗಿನಿಂದ ಹೊಸದರ ಹಾಗೆ ಕಾಣಬಹುದು. ಅದರ ಬದಿಯಲ್ಲಿ ಮೊಟ್ಟೆಯಾಕಾರದ ಗೆರೆಯೊಳಗೆ ನಾಲ್ಕು ಅಂಕಿ ಇರುತ್ತದೆ. 2314 ಅಂತಿದ್ದರೆ 2014ನೇ ಇಸವಿಯ 23ನೇ ವಾರದ್ದು. ಅಂಥದ್ದರಲ್ಲಿ ಮಳೆಗಾಲ ಕಳೆಯುವ ಯೋಚನೆ ಬೇಡ.

ಪ್ರಶ್ನೆ: ಹಿಂದಿನ ಹೌಸಿಂಗಿನ ಆಯಿಲ್ ಬದಲಿಸಲು ಬಿಚ್ಚಿದೆ. ಹಾಲು ಹಾಕಿದ ಚಹಾದ ಬಣ್ಣದ್ದು ಬಂತು. ಸೀಲ್ ಹೋದ ವರ್ಷವಷ್ಟೇ ಹಾಕಿಸಿದ್ದು. ನೀರು ಹೋದದ್ದಾದರೂ ಹೇಗೆ? ದಿನಾ ಶಾಲೆಗೆ ಮಕ್ಕಳನ್ನು ಬಿಟ್ಟು ಬರುವಾಗ ಕಟ್ಟದ ಕೆಳಗೆ ಹೊಳೆ ದಾಟಬೇಕು, ಹೆಚ್ಚೆಂದರೆ ಮೊಣಕಾಲು ನೀರು. — *ಪೆರ್ಲದ ಓದುಗರು*

ನಿಮ್ಮ ಸೀಲಿನ ತಪ್ಪಲ್ಲ, ಸೀಲ್ ಹಾಕಿದವರದ್ದೂ ಅಲ್ಲ. ಬ್ರೀದರ್ ನೋಡಿ.

ಆಕ್ಸಲಿನ ಮೇಲೆ ಹೆಬ್ಬೆರಳಿನಷ್ಟು ಸಣ್ಣದೊಂದು ಮುಚ್ಚಳ ಇರುತ್ತದೆ, ಮಣ್ಣು ಮೆತ್ತಿ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಹೌಸಿಂಗ್ ಉಸಿರಾಡುವುದು ಅದರಿಂದ. ಓಡುತ್ತಾ ಓಡುತ್ತಾ ಒಳಗಿನ ಆಯಿಲ್, ಗಾಳಿ ಬಿಸಿಯಾಗುತ್ತದೆ, ಹಿಗ್ಗುತ್ತದೆ, ಜಾಸ್ತಿಯಾದ ಗಾಳಿ ಆ ಮೂತಿಯಿಂದ ಹೊರಗೆ. ನೀವು ಬಿಸಿ ಆಕ್ಸಲನ್ನು ಹೊಳೆಗೆ ಇಳಿಸಿದ ಕೂಡಲೇ ಅದು ತಣ್ಣಗಾಗಿ ಒಳಗಿನ ಗಾಳಿ ಕುಗ್ಗುತ್ತದೆ, ಹೊರಗಿನಿಂದ ಎಳೆದುಕೊಳ್ಳಲು ನೋಡುತ್ತದೆ. ಬ್ರೀದರ್ ಸರಿಯಿದ್ದು ನೀರಿನ ಮೇಲಿದ್ದರೆ ಗಾಳಿ ಎಳೆದುಕೊಳ್ಳುತ್ತದೆ. ಬ್ರೀದರ್ ಕಟ್ಟಿದ್ದರೆ? ಸೀಲಿನ ಸಂದಿಯಿಂದ ನೀರನ್ನೇ ಹೀರುತ್ತದೆ. ಸೀಲ್ ಇರುವುದು ಒಳಗಿನ ಆಯಿಲನ್ನು ತಡೆಯಲು, ಹೊರಗಿನಿಂದ ಹೀರುವುದನ್ನು ತಡೆಯಲು ಅಲ್ಲ. ಹೊಸ ಸೀಲೂ ಸೋಲುತ್ತದೆ.

ನನ್ನದರಲ್ಲಿ ಬ್ರೀದರ್ ಕಟ್ಟಿದ್ದು ಕೆಸರಿನಿಂದಲ್ಲ. ಗೋಡೆಯ ಮೇಲೆ ಮಣ್ಣಿನ ಗೂಡು ಕಟ್ಟುತ್ತದಲ್ಲ, ಆ ಕಣಜ. ಬೇಸಿಗೆಯಲ್ಲಿ ಎರಡು ತಿಂಗಳು ನಿಂತ ಜೀಪಿನ ಬ್ರೀದರೊಳಗೆ ಸರಿಯಾಗಿ ಒಂದು ಗೂಡು. ಆ ಮಳೆಗಾಲ ಮೂರು ಸಲ ಆಯಿಲ್ ಬದಲಿಸಿ, ಮೂರು ಸಲವೂ ಸೀಲನ್ನೇ ಬೈದೆ. ನಾಲ್ಕನೇ ಸಲ ಸುಮ್ನೆ ಆ ಮೂತಿಗೆ ಸೈಕಲ್ ಪಂಪು ಹಿಡಿದಾಗ ಗಾಳಿ ಹೋಗಲೇ ಇಲ್ಲ. ತಂತಿ ಹಾಕಿ ಕೆದಕಿದರೆ ಕೆಂಪು ಮಣ್ಣಿನ ಪುಡಿ, ಜೊತೆಗೆ ಒಣಗಿದ ಜೇಡ.

ಈಗ ಮಾಡಬೇಕಾದದ್ದು: ಬ್ರೀದರ್ ಬಿಚ್ಚಿ ತೊಳೆದು, ಅದರ ಜಾಗಕ್ಕೆ ಪೈಪು ಕೂರುವಂಥ ಮೂತಿ ಹಾಕಿ, ಆಯಿಲಿಗೆ ತಡೆಯುವ ರಬ್ಬರ್ ಪೈಪು ಜೋಡಿಸಿ ಬಾಡಿಯ ಎತ್ತರಕ್ಕೆ ಒಯ್ದು ಬಾಯಿ ಕೆಳಗೆ ಮಾಡಿ ಕಟ್ಟಿಬಿಡಿ. ಆಕ್ಸಲ್ ಮೇಲೆ ಕೆಳಗೆ ಆಡುತ್ತದೆ, ಪೈಪು ಸ್ವಲ್ಪ ಸಡಿಲ ಇರಲಿ. ಮುಂದಿನದಕ್ಕೂ ಹೀಗೇ. ಖರ್ಚು ಒಂದು ಊಟದ್ದು.

ಆಯಿಲ್ ಬದಲಿಸುವಾಗ ಒಂದು ಮಾತು. ಇಳಿಸುವ ಬೋಲ್ಟ್ ಬಿಚ್ಚುವ ಮೊದಲು ತುಂಬಿಸುವ ಬೋಲ್ಟ್ ಬಿಚ್ಚಿಕೊಳ್ಳಿ. ಇಳಿಸಿ ಆದ ಮೇಲೆ ಮೇಲಿನದು ತುಕ್ಕು ಹಿಡಿದು ಬರುವುದಿಲ್ಲ ಅಂತ ಗೊತ್ತಾದರೆ ಜೀಪು ಅಂಗಳದಲ್ಲೇ ಬಾಕಿ. ನೀರು ಹೋದ ಹೌಸಿಂಗಿಗೆ ಹೊಸ ಆಯಿಲ್ ಹಾಕಿ ಹತ್ತು ಕಿಲೋಮೀಟರ್ ಓಡಿಸಿ, ಅದನ್ನೂ ಇಳಿಸಿ, ಆಮೇಲೆ ನಿಜವಾದ ಆಯಿಲ್. ಹೌಸಿಂಗಿಗೆ ಇಪಿ 90, ಡಬ್ಬದ ಮೇಲೆ ಜಿಎಲ್-5 ಅಂತಿರುವುದು. ಅದನ್ನೇ ಗೇರ್‌ಬಾಕ್ಸಿಗೂ ಸುರಿಯಬೇಡಿ. ಒಳಗೆ ಹಿತ್ತಾಳೆಯ ರಿಂಗುಗಳಿವೆ, ಕೆಲವು ಜಿಎಲ್-5 ಆಯಿಲಿನ ಕೆಮಿಕಲ್ ಅವನ್ನು ತಿನ್ನುತ್ತದೆ. ಅದಕ್ಕೆ ಜಿಎಲ್-4 ಕೇಳಿ ತನ್ನಿ. ಮಟ್ಟ ನೋಡಲು ಕಿರುಬೆರಳು ಸಾಕು, ತೂತಿನ ಅಂಚಿಗೆ ಆಯಿಲ್ ತಾಗಬೇಕು.

ಪ್ರಶ್ನೆ: ಮೊನ್ನೆ ಗುಡ್ಡ ಹತ್ತಿ ಬಂದ ಮೇಲೆ ಫೋರ್‌ವೀಲ್ ಲಿವರ್ ವಾಪಸ್ ಬರಲೇ ಇಲ್ಲ. ಟಾರು ರಸ್ತೆಯಲ್ಲಿ ತಿರುವಿನಲ್ಲಿ ಟಯರು ಕಿರುಚುತ್ತದೆ, ಸ್ಟೇರಿಂಗ್ ಕಲ್ಲಿನಂತೆ. ಟ್ರಾನ್ಸ್‌ಫರ್ ಕೇಸ್ ಬಿಚ್ಚಿಸಬೇಕು ಅನ್ನುತ್ತಿದ್ದಾರೆ. — *ಪೈವಳಿಕೆಯ ಓದುಗರು*

ಟ್ರಾನ್ಸ್‌ಫರ್ ಕೇಸ್ ಅಂದರೆ ಮುಂದಿನ, ಹಿಂದಿನ ಶಾಫ್ಟಿಗೆ ಶಕ್ತಿ ಹಂಚುವ ಪೆಟ್ಟಿಗೆ. ಅದನ್ನು ಬಿಚ್ಚಿಸುವ ಮೊದಲು ಹತ್ತು ಮೀಟರ್ ರಿವರ್ಸ್ ಹೋಗಿ, ಹೋಗುತ್ತಲೇ ಲಿವರ್ ಎಳೆಯಿರಿ. ಹತ್ತರಲ್ಲಿ ಎಂಟು ಸಲ ಬರುತ್ತದೆ.

ಮಹೀಂದ್ರಾ 1947ರಲ್ಲಿ ವಿಲ್ಲಿಸ್ ಜೀಪು ಜೋಡಿಸಲು ಶುರು ಮಾಡಿದಾಗ ಇದ್ದ ಲೆಕ್ಕವೇ ನಿಮ್ಮ ಜೀಪಿನಲ್ಲೂ ಇರುವುದು. ಫೋರ್‌ವೀಲ್ ಹಾಕಿದರೆ ಮುಂದಿನ ಶಾಫ್ಟು, ಹಿಂದಿನ ಶಾಫ್ಟು ಎರಡೂ ಒಂದಕ್ಕೊಂದು ಬೆಸೆದ ಹಾಗೆ, ಒಂದೇ ವೇಗ. ಆದರೆ ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಉದ್ದದ ದಾರಿ ಹೋಗಬೇಕು, ಅಲ್ವಾ? ಕೆಸರಿನಲ್ಲಿ ಟಯರು ಸ್ವಲ್ಪ ಜಾರಿ ಆ ಲೆಕ್ಕ ಸರಿ ಮಾಡಿಕೊಳ್ಳುತ್ತದೆ. ಟಾರಿನ ಮೇಲೆ ಜಾರಲು ಆಗುವುದಿಲ್ಲ. ಆಗ ಶಾಫ್ಟುಗಳು ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡು ನಿಲ್ಲುತ್ತವೆ, ಗೇರಿನ ಹಲ್ಲು ಒತ್ತಿ ಹಿಡಿದಿರುತ್ತದೆ, ಲಿವರ್ ಬರುವುದಿಲ್ಲ. ರಿವರ್ಸ್ ಹೋದರೆ ಹಿಂಡಿದ್ದು ಬಿಚ್ಚಿಕೊಳ್ಳುತ್ತದೆ. ಆಗಲೂ ಬರದಿದ್ದರೆ ಮುಂದಿನ ಒಂದು ಚಕ್ರ ಜಾಕಿಯಲ್ಲಿ ಎತ್ತಿ, ಚಕ್ರ ಅರ್ಧ ಸುತ್ತು ತಾನಾಗಿ ತಿರುಗಿ ನಿಲ್ಲುತ್ತದೆ. ಕೈ ದೂರ ಇರಲಿ. ಟಾರು ಬಂದ ಕೂಡಲೇ ಫೋರ್‌ವೀಲ್ ತೆಗೆಯುವ ಅಭ್ಯಾಸ ಮಾಡಿಕೊಳ್ಳಿ, ಮಳೆ ಬಿದ್ದು ಟಾರು ಒದ್ದೆಯಿದ್ದರೂ ಸರಿ.

ಪ್ರಶ್ನೆ: ಜೀಪಿನ ಹಿಂದಿನ ತಳ ಪೂರ್ತಿ ತೂತು. ಎರಡು ವರ್ಷದ ಹಿಂದೆ ಹೊಸ ಶೀಟ್ ಹೊಡೆಸಿದ್ದು, ಅದೂ ಹೋಯಿತು. ಮುಂದಿನ ತಳ ಮಾತ್ರ ಹಳೆಯದೇ, ಗಟ್ಟಿ ಇದೆ. ವೆಲ್ಡಿಂಗ್‌ನವರು ಶೀಟ್ ಕಳಪೆ ಕೊಟ್ಟರಾ? — *ಅಡೂರಿನ ಓದುಗರು*

ನಿಮ್ಮ ಪತ್ರದ ಕೊನೆಯಲ್ಲಿ ಸುಮ್ನೆ ಒಂದು ಸಾಲು ಬರೆದಿದ್ದೀರಿ, ಅಡಿಕೆಗೆ ಮದ್ದು ಬಿಡುವ ಸಮಯದಲ್ಲಿ ಜೀಪು ತುಂಬಾ ಬೇಕಾಗುತ್ತದೆ ಅಂತ. ಉತ್ತರ ಅಲ್ಲೇ ಇದೆ.

ಕೊಳೆರೋಗಕ್ಕೆ ಬಿಡುವ ಬೋರ್ಡೋ ದ್ರಾವಣ ಮಾಡುವುದು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಹದ ನೋಡಲು ಏನು ಮಾಡುತ್ತೇವೆ? ಉಜ್ಜಿ ಹೊಳೆಯುವ ಕತ್ತಿಯನ್ನು ದ್ರಾವಣದಲ್ಲಿ ಅದ್ದಿ ಎತ್ತುತ್ತೇವೆ. ಅಲಗು ಕೆಂಪಾದರೆ ಸುಣ್ಣ ಸಾಲದು, ಇನ್ನಷ್ಟು ಹಾಕು. ಆ ಕೆಂಪು ಏನು ಅಂತ ಯೋಚಿಸಿದ್ದೀರಾ? ತಾಮ್ರ. ಮೈಲುತುತ್ತಿನಲ್ಲಿದ್ದ ತಾಮ್ರ ಬಂದು ಕತ್ತಿಯ ಮೇಲೆ ಕೂತಿತು, ಅದಕ್ಕೆ ಜಾಗ ಬಿಟ್ಟುಕೊಟ್ಟು ಕತ್ತಿಯ ಕಬ್ಬಿಣ ಕರಗಿ ನೀರಿಗೆ ಹೋಯಿತು. ಮೈಲುತುತ್ತನ್ನು ಕಬ್ಬಿಣದ ಪಾತ್ರೆಯಲ್ಲಿ ಕರಗಿಸಬಾರದು ಅಂತ ಹಿರಿಯರು ಹೇಳುವುದು ಇದಕ್ಕೇ.

ಈಗ ನಿಮ್ಮ ಜೀಪಿನ ಹಿಂಬದಿ ನೆನಪಿಸಿಕೊಳ್ಳಿ. ಮೈಲುತುತ್ತಿನ ಚೀಲ, ಅದರ ಹರಿದ ಮೂಲೆಯಿಂದ ಉದುರಿದ ನೀಲಿ ಹರಳು, ಅರ್ಧ ತುಂಬಿದ ಡ್ರಮ್ಮು, ತೋಟದ ದಾರಿಯ ಕುಲುಕಾಟಕ್ಕೆ ಚೆಲ್ಲಿದ್ದು, ಮೇಲಿಂದ ಮಳೆ. ಕತ್ತಿಯ ಪರೀಕ್ಷೆ ನಿಮ್ಮ ತಳದ ಮೇಲೆ ಇಡೀ ಆಟಿ ತಿಂಗಳು ನಡೆಯುತ್ತದೆ. ಸುಣ್ಣ ಸರಿ ಬಿದ್ದ ದ್ರಾವಣ ಅಷ್ಟು ಕೆಟ್ಟದ್ದಲ್ಲ, ಸುಣ್ಣ ಸೇರದ ಮೈಲುತುತ್ತೇ ಅಪಾಯ. ಕಬ್ಬಿಣದ ಮೇಲೆ ತಾಮ್ರ ಕೂತ ಜಾಗದಲ್ಲಿ ಆಮೇಲೆ ಬರೀ ಮಳೆನೀರು ನಿಂತರೂ ತುಕ್ಕು ಎರಡು ಪಟ್ಟು ಓಡುತ್ತದೆ. ಶೀಟ್ ಹೊಡೆದವರನ್ನು ಬಿಟ್ಟುಬಿಡಿ, ಪಾಪ.

ಈ ಸಲ ಹೊಸ ಶೀಟ್ ಹಾಕಿಸಿದರೆ, ಮೊದಲು ಹಳೆಯದನ್ನು ತುಕ್ಕು ಇಲ್ಲದ ಲೋಹ ಸಿಗುವವರೆಗೆ ಕತ್ತರಿಸಿ ತೆಗೆಸಿ, ಮೇಲೆ ಮೇಲೆ ಹೊಡೆಸಬೇಡಿ. ಎರಡು ಶೀಟಿನ ನಡುವೆ ನೀರು ನಿಂತರೆ ಅದು ಒಣಗುವುದು ಮುಂದಿನ ಫೆಬ್ರವರಿಗೇ. ವೆಲ್ಡಿಂಗ್ ಸುಟ್ಟ ಜಾಗವನ್ನು ಉಜ್ಜಿ, ಪ್ರೈಮರ್ ಎರಡು ಕೋಟು, ಕೆಳಗಿನ ಬದಿಗೂ. ನೀರು ಇಳಿಯುವ ತೂತುಗಳನ್ನು ವೆಲ್ಡಿಂಗ್‌ನವರು ಅಚ್ಚುಕಟ್ಟು ಅಂತ ಮುಚ್ಚಿಬಿಡುತ್ತಾರೆ, ಅದನ್ನು ಬಿಡಿಸಿ. ರಬ್ಬರ್ ಮ್ಯಾಟ್ ಅಂಟಿಸಬೇಡಿ, ಅದರಡಿ ತೇವ ಕೂರುತ್ತದೆ. ಮದ್ದಿನ ದಿನಗಳಿಗೆ ಮಾತ್ರ ಅಂಚು ಎತ್ತರ ಇರುವ ಪ್ಲಾಸ್ಟಿಕ್ ಟ್ರೇ, ಇಲ್ಲವೇ ದಪ್ಪ ಟಾರ್ಪಾಲು ಹಾಸಿ, ಸಂಜೆ ತೆಗೆದು ಬಿಡಿ. ಡ್ರಮ್ಮಿಗೆ ಬಿಗಿ ಮುಚ್ಚಳ. ಮನೆಗೆ ಬಂದ ಮೇಲೆ ಸುಣ್ಣದ ತಿಳಿನೀರು ಒಂದು ಬಕೆಟ್ ಹೊಯ್ದು, ಆಮೇಲೆ ಬಾವಿ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಅಲ್ಯುಮಿನಿಯಂ ಶೀಟ್ ಹಾಕಿಸಿದರೆ ಹೇಗೆ ಅಂತಲೂ ಕೇಳಿದ್ದೀರಿ. ಮೈಲುತುತ್ತಿಗೆ ಅದು ಕಬ್ಬಿಣಕ್ಕಿಂತ ರುಚಿ.

ಪ್ರಶ್ನೆ: ಅಡಿಭಾಗಕ್ಕೆ ಗೇರೆಣ್ಣೆ ಹಚ್ಚಿದರೆ ತುಕ್ಕು ಬರುವುದಿಲ್ಲ ಅಂತ ನಮ್ಮ ಭಾವ ಹೇಳುತ್ತಾರೆ. ಸುಟ್ಟ ಎಂಜಿನ್ ಆಯಿಲೇ ಒಳ್ಳೆಯದು ಅಂತ ಡ್ರೈವರ್. ಯಾರ ಮಾತು ಕೇಳಲಿ? — *ಕುಂಬಳೆಯ ಓದುಗರು*

ಇಬ್ಬರದ್ದೂ ಬೇಡ. ಭಾವನ ಮಾತಿಗೆ ಬುಡ ಇದೆ, ದೋಣಿಗೂ ಮಾಡಿನ ಪಕ್ಕಾಸಿಗೂ ಗೇರುಬೀಜದ ಸಿಪ್ಪೆಯ ಈ ಎಣ್ಣೆ ಹಚ್ಚಿ ತಲೆಮಾರು ಉಳಿಸಿದ ಊರು ನಮ್ಮದು. ಆದರೆ ಅದು ಮರ. ಹಸಿ ಗೇರೆಣ್ಣೆಯಲ್ಲಿ ಹೆಚ್ಚಿನ ಪಾಲು ಒಂದು ಆಮ್ಲ, ಗೇರುಬೀಜ ಸುಡುವಾಗ ಕೈ ಬೊಬ್ಬೆ ಬರುವುದು ಅದರಿಂದಲೇ. ಅದನ್ನು ಬರಿ ಕಬ್ಬಿಣಕ್ಕೆ ಹಚ್ಚುವುದು ಜಾಣತನ ಅಲ್ಲ, ಜೀಪಿನಡಿ ಮಲಗಿ ಹಚ್ಚುವಾಗ ಮುಖಕ್ಕೆ ತೊಟ್ಟಿಕ್ಕಿದರೆ ಮತ್ತೆ ಹೇಳುವುದೇ ಬೇಡ. ತಮಾಷೆ ಏನೆಂದರೆ ಗೇರೆಣ್ಣೆ ನಿಮ್ಮ ಜೀಪಿನಲ್ಲಿ ಆಗಲೇ ಇರಬಹುದು. ಅದನ್ನು ಕಾಯಿಸಿ ಗಟ್ಟಿ ಮಾಡಿದ ಪುಡಿಯನ್ನು ಬ್ರೇಕ್ ಲೈನಿಂಗ್ ಮಾಡುವಾಗ ಸೇರಿಸುತ್ತಾರೆ.

ಸುಟ್ಟ ಆಯಿಲ್ ತುಕ್ಕನ್ನು ಸ್ವಲ್ಪ ತಡೆಯುತ್ತದೆ, ಸುಳ್ಳಲ್ಲ. ಆದರೆ ಸ್ಪ್ರಿಂಗ್ ಪ್ಲೇಟಿನ ರಬ್ಬರ್ ಬುಶ್ಶನ್ನು ಉಬ್ಬಿಸಿ ಹಾಳು ಮಾಡುತ್ತದೆ, ಮೊದಲ ಮಳೆಗೆ ತೊಳೆದು ತೋಟಕ್ಕೆ, ಅಲ್ಲಿಂದ ಬಾವಿಗೋ, ನೀರಿಗಾಗಿ ಗುಡ್ಡದೊಳಗೆ ಕೊರೆದ ಸುರಂಗಕ್ಕೋ. ನೀವು ಕುಡಿಯುವ ನೀರೇ ಅದು. ಅಂಗಡಿಯಲ್ಲಿ ಸಿಗುವ ಅಂಡರ್‌ಬಾಡಿ ಕೋಟಿಂಗ್ ತನ್ನಿ. ಹಚ್ಚುವುದಕ್ಕಿಂತ ತೊಳೆಯುವುದು ದೊಡ್ಡ ಕೆಲಸ. ಚಾಸಿಯ ಪೆಟ್ಟಿಗೆಯೊಳಗೆ ಕೈ ಹಾಕಿ ನೋಡಿ, ಹಳೆಯ ಕೆಂಪು ಮಣ್ಣು ಹೆಂಟೆಯಾಗಿ ಕೂತಿರುತ್ತದೆ. ಅದರ ಮೇಲೆ ಕೋಟಿಂಗ್ ಹೊಡೆದರೆ ತೇವವನ್ನು ಒಳಗಿಟ್ಟು ಬೀಗ ಹಾಕಿದ ಹಾಗೆ. ತೊಳೆದು, ನಾಲ್ಕು ದಿನ ಮೇ ತಿಂಗಳ ಬಿಸಿಲಿಗೆ ನಿಲ್ಲಿಸಿ, ಆಮೇಲೆ ಹಚ್ಚಿ. ಸೈಲೆನ್ಸರಿಗೆ, ಬ್ರೇಕ್ ಡ್ರಮ್ಮಿಗೆ ತಾಗಬಾರದು.

ಪ್ರಶ್ನೆ: ಒಂದು ಹೊಂಡಕ್ಕೆ ಬಿದ್ದರೆ ಸಾಕು, ಸ್ಟೇರಿಂಗ್ ಕೈಯಿಂದ ಕಿತ್ತುಕೊಳ್ಳುವ ಹಾಗೆ ನಡುಗುತ್ತದೆ. ನಿಲ್ಲಿಸಿದರೆ ಮಾತ್ರ ನಿಲ್ಲುತ್ತದೆ. ಡ್ಯಾಂಪರ್ ಹೊಸದು ಹಾಕಿಸಿದೆ, ಒಂದು ತಿಂಗಳು ಸರಿ ಇತ್ತು. — *ಉಪ್ಪಳದ ಓದುಗರು*

ಸ್ಟೇರಿಂಗಿನ ನಡುಕ ಹೀರುವ ಡ್ಯಾಂಪರ್ ಅಂದರೆ ಹಲ್ಲುನೋವಿಗೆ ಲವಂಗ. ಹುಳುಕು ಬೇರೆ ಕಡೆ ಇದೆ.

ಇದಕ್ಕೆ ಇಬ್ಬರು ಬೇಕು. ಮುಂದಿನ ಚಕ್ರ ಎತ್ತಿ, ಟಯರನ್ನು ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲುಗಾಡಿಸಿ. ಆಟ ಇದ್ದರೆ ಇನ್ನೊಬ್ಬರಿಗೆ ಬ್ರೇಕ್ ತುಳಿಯಲು ಹೇಳಿ. ಬ್ರೇಕ್ ತುಳಿದಾಗ ಆಟ ಹೋದರೆ ವೀಲ್ ಬೇರಿಂಗ್, ತುಳಿದರೂ ಆಟ ಇದ್ದರೆ ಚಕ್ರ ಎಡಬಲಕ್ಕೆ ಹೊರಳಲು ಆಧಾರವಾದ ಕಿಂಗ್‌ಪಿನ್. ಆಮೇಲೆ ಚಕ್ರ ಇಳಿಸಿ, ಅವರು ಸ್ಟೇರಿಂಗನ್ನು ಅತ್ತಿತ್ತ ಸ್ವಲ್ಪ ಸ್ವಲ್ಪವೇ ಆಡಿಸಲಿ, ನೀವು ಒಂದೊಂದು ಟೈರಾಡ್ ಎಂಡಿನ ಮೇಲೂ ಅಂಗೈ ಇಟ್ಟು ನೋಡಿ. ಕಣ್ಣಿಗೆ ಕಾಣದ ಆಟ ಅಂಗೈಗೆ ಟಕ್ ಅಂತ ಸಿಗುತ್ತದೆ. ಪ್ಲೇಟಿನ ಶ್ಯಾಕಲ್ ಬುಶ್ಶು, ಯು-ಬೋಲ್ಟು ಸಡಿಲ ಇದೆಯಾ ನೋಡಿ. ಒಂದೇ ದೊಡ್ಡ ದೋಷಕ್ಕಿಂತ ನಾಲ್ಕು ಸಣ್ಣ ಆಟಗಳು ಸೇರಿ ನಡುಗಿಸುವುದೇ ಹೆಚ್ಚು. ಟಯರ್ ಬ್ಯಾಲೆನ್ಸ್ ಕೊನೆಗೆ.

ಜಾಕಿ ವಿಷಯ ಬಂತು, ಹೇಳಿಯೇಬಿಡುತ್ತೇನೆ. ಹಳೆಯ ಜೀಪುಗಳಲ್ಲಿ ಹಲವಕ್ಕೆ ಹ್ಯಾಂಡ್‌ಬ್ರೇಕಿನ ಡ್ರಮ್ ಚಕ್ರದಲ್ಲಿ ಇರುವುದಿಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದೆ ಶಾಫ್ಟಿಗೆ ಇರುತ್ತದೆ. ಹಿಂದಿನ ಒಂದು ಚಕ್ರ ಎತ್ತಿದಿರೋ, ಶಾಫ್ಟು ನಿಂತಿದ್ದರೂ ಎತ್ತಿದ ಚಕ್ರ ಒಂದು ಕಡೆ, ನೆಲದ ಚಕ್ರ ಇನ್ನೊಂದು ಕಡೆ ತಿರುಗಿ ಜೀಪು ಆರಾಮಾಗಿ ಇಳಿಜಾರಿಗೆ ಹೊರಡುತ್ತದೆ. ಗೇರಿನಲ್ಲಿ ನಿಲ್ಲಿಸಿದರೂ ಅದೇ ಕಥೆ. ಹಾಗಾಗಿ ನೆಲದಲ್ಲಿರುವ ಚಕ್ರಗಳಿಗೆ ಎರಡೂ ಬದಿ ಅಡ್ಡ ಕೊಡಿ. ಅಡ್ಡಕ್ಕೆ ಮುರಕಲ್ಲು ಪರವಾಗಿಲ್ಲ, ಆದರೆ ಆಕ್ಸಲಿನ ಅಡಿಗೆ ಮುರಕಲ್ಲು ಕೊಟ್ಟು ಕೆಳಗೆ ನುಗ್ಗಬೇಡಿ. ಮನೆ ಕಟ್ಟಲು ಗಟ್ಟಿ ಇರುವ ಕಲ್ಲೇ, ಒಂದೇ ಕಡೆ ಭಾರ ಬಿದ್ದರೆ ಹೇಳದೆ ಕೇಳದೆ ಪುಡಿಯಾಗುತ್ತದೆ. ಸ್ಟ್ಯಾಂಡ್ ಇಲ್ಲದಿದ್ದರೆ ಅಗಲದ ಹಲಸಿನ ತುಂಡು.

ಪ್ರಶ್ನೆ: ಪುತ್ತೂರಿನಿಂದ ಕೆಎ 21 ನಂಬರಿನ 1998ರ ಜೀಪು ತರುವ ಯೋಚನೆ. ಗಡಿಯ ಆಚೆ ಈಚೆ ಓಡಾಡುವವರು ನಾವು, ನಂಬರ್ ಬದಲಿಸಲೇಬೇಕಾ? — *ವರ್ಕಾಡಿಯ ಓದುಗರು*

1956ರಲ್ಲಿ ಕರ್ನಾಟಕ, ಕೇರಳದ ನಡುವೆ ಎಳೆದ ಗೆರೆ ಜೀಪಿಗೆ ಗೊತ್ತಿಲ್ಲ, ಆರ್‌ಟಿಓಗೆ ಗೊತ್ತು. ಗಾಡಿಯನ್ನು ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿಯ ನಂಬರ್ ಮಾಡಿಸಲೇಬೇಕು, ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್. ಅಲ್ಲಿಂದ ಎನ್‌ಒಸಿ ತಂದು, ಇಲ್ಲಿ ತೆರಿಗೆ ಕಟ್ಟಿ, ಕೆಎಲ್ 14 ಮಾಡಿಸಿ. 1998ರದ್ದು ಅಂದರೆ 15 ವರ್ಷ ಎಂದೋ ದಾಟಿದೆ, ಐದೈದು ವರ್ಷಕ್ಕೆ ಆರ್‌ಸಿ ನವೀಕರಣ ಆಗಿರಬೇಕು. ಆ ತಾರೀಕು ನೋಡಿ. ಎನ್‌ಒಸಿ ಕೈಗೆ ಬರುವವರೆಗೆ ಪೂರ್ತಿ ದುಡ್ಡು ಕೊಡಬೇಡಿ, ಸ್ನೇಹಿತರದ್ದಾದರೂ. ಚಾಸಿಯ ಮೇಲೆ ಕೊರೆದ ನಂಬರ್ ತುಕ್ಕಿನಲ್ಲಿ ಮಾಸಿದೆಯಾ ಅಂತಲೂ ನೋಡಿಕೊಳ್ಳಿ, ತಪಾಸಣೆಯ ದಿನ ಅದು ಓದಲು ಬರದಿದ್ದರೆ ಅಲೆದಾಟ.

ಪ್ರಶ್ನೆ: ಹೊಳೆ ದಾಟಿದ ಮೇಲೆ ಬ್ರೇಕ್ ಹಿಡಿಯುವುದೇ ಇಲ್ಲ. ಸ್ವಲ್ಪ ಹೊತ್ತಿಗೆ ತಾನೇ ಸರಿಯಾಗುತ್ತದೆ. — *ಬಂದಡ್ಕದ ಓದುಗರು*

ಡ್ರಮ್ಮಿನೊಳಗೆ ನೀರು. ದಡ ಹತ್ತಿದ ಮೇಲೆ ನೂರಿನ್ನೂರು ಮೀಟರ್ ಬ್ರೇಕನ್ನು ಮೆಲ್ಲಗೆ ಒತ್ತಿಕೊಂಡೇ ನಿಧಾನ ಓಡಿಸಿ, ಬಿಸಿಗೆ ಒಣಗುತ್ತದೆ. ಆದರೆ ವಾರಕ್ಕೊಮ್ಮೆ ಡ್ರಮ್ ಬಿಚ್ಚದಿದ್ದರೂ ತಿಂಗಳಿಗೊಮ್ಮೆ ಬಿಚ್ಚಿ ಕೆಸರು ತೆಗೆಯಿರಿ, ಮರಳು ಸೇರಿದರೆ ಲೈನಿಂಗ್ ಅರದಲ್ಲಿ ಉಜ್ಜಿದ ಹಾಗೆ ಸವೆಯುತ್ತದೆ. ಬ್ರೇಕ್ ಆಯಿಲ್ ತಾನಾಗಿ ಗಾಳಿಯ ನೀರು ಹೀರುವ ಜಾತಿಯದ್ದು, ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ. ಕಡಿಮೆಯಾಯಿತು ಅಂತ ಎಂಜಿನ್ ಆಯಿಲ್ ಸುರಿದವರನ್ನು ನಾನು ನೋಡಿದ್ದೇನೆ. ರಬ್ಬರೆಲ್ಲ ಉಬ್ಬಿ ನಾಲ್ಕೂ ಚಕ್ರ ಹಿಡಿದು ನಿಂತಿತ್ತು.

ಪ್ರಶ್ನೆ: ಮನೆಯವರು ಗಲ್ಫ್‌ನಲ್ಲಿದ್ದಾರೆ, ಜೀಪು ಓಡಿಸುವುದು ನಾನೇ. ಪ್ರತಿ ಸಲ ಗ್ರೀಸ್ ಹೊಡೆಸಲು ಪೇಟೆಗೆ ಒಯ್ದರೆ ಅರ್ಧ ದಿನ ಹೋಗುತ್ತದೆ, ಅಲ್ಲಿಯೂ ಎಲ್ಲ ಕಡೆ ಹೊಡೆಯುತ್ತಾರಾ ಅನುಮಾನ. ಮನೆಯಲ್ಲೇ ಮಾಡಿಕೊಳ್ಳಬಹುದೇ? — *ನೀರ್ಚಾಲಿನ ಓದುಗರು*

ಖಂಡಿತ ಮಾಡಿ ಅಕ್ಕಾ. ನಿಮ್ಮ ಅನುಮಾನವೂ ಸರಿ, ಕೈಗೆ ಎಟುಕಿದ್ದಕ್ಕೆ ಹೊಡೆದು ಉಳಿದದ್ದಕ್ಕೆ ಬಟ್ಟೆ ಒರೆಸಿ ಕಳಿಸುವುದು ಹೊಸತಲ್ಲ. ಬೇಕಾದದ್ದು ಒಂದು ಕೈ ಗ್ರೀಸ್ ಗನ್, ನೀರಿಗೆ ಬೇಗ ತೊಳೆದುಹೋಗದ ಲಿಥಿಯಂ ಗ್ರೀಸ್, ಹಳೆಯ ಲುಂಗಿ ಬಟ್ಟೆ, ಹಾಸಿಕೊಳ್ಳಲು ಒಂದು ಚಾಪೆ.

ಮೊದಲ ದಿನ ಗ್ರೀಸ್ ಹೊಡೆಯಲೇಬೇಡಿ. ಸುಮ್ನೆ ನಿಪ್ಪಲ್, ಅಂದರೆ ಗ್ರೀಸ್ ಒಳಗೆ ಹೋಗುವ ಸಣ್ಣ ಮೂತಿಗಳನ್ನು ಹುಡುಕಿ, ಒರೆಸಿ, ಒಂದೊಂದಕ್ಕೂ ಬಿಳಿ ಪೇಂಟಿನ ಚುಕ್ಕೆ ಇಡಿ. ಪ್ರೊಪೆಲ್ಲರ್ ಶಾಫ್ಟು ಎರಡು, ಒಂದೊಂದರ ಎರಡು ತುದಿಗೂ ಒಂದೊಂದು ಕ್ರಾಸ್, ಜೊತೆಗೆ ಜಾರುವ ಜಾಯಿಂಟಿಗೆ ಒಂದು. ಅಲ್ಲೇ ಆರಾಯಿತು. ಕ್ರಾಸಿನದ್ದು ಕೆಲವೊಮ್ಮೆ ಮೇಲ್ಮುಖವಾಗಿ ಅಡಗಿರುತ್ತದೆ, ಜೀಪನ್ನು ಒಂದಡಿ ಮುಂದೆ ತಳ್ಳಿದರೆ ಕೆಳಗೆ ಬರುತ್ತದೆ. ಪೇಟೆಯಲ್ಲಿ ತಪ್ಪಿಹೋಗುವುದು ಇದೇ. ಆಮೇಲೆ ಪ್ಲೇಟಿನ ಪಿನ್ನುಗಳು, ಶ್ಯಾಕಲ್ಲುಗಳು, ಸ್ಟೇರಿಂಗಿನ ಜಾಯಿಂಟುಗಳು, ಕ್ಲಚ್ ಪೆಡಲಿನ ಕೆಳಗೆ. ರಬ್ಬರ್ ಬುಶ್ ಇದ್ದಲ್ಲಿ ನಿಪ್ಪಲ್ ಇರುವುದಿಲ್ಲ, ಅಲ್ಲಿಗೆ ಗ್ರೀಸ್ ಮೆತ್ತುವುದೂ ಬೇಡ.

ಎರಡನೇ ದಿನ ಒತ್ತಿ. ಮೊದಲು ಸಂದಿಯಿಂದ ಬರುವುದು ಕಪ್ಪಗೆ, ನೀರಿದ್ದರೆ ಬೂದಿ ಬಣ್ಣ. ಒಳಗಿನ ಕೊಳೆಯೆಲ್ಲ ಅದರ ಜೊತೆ ಹೊರಗೆ ಬರುತ್ತದೆ. ಹೊಸ ಗ್ರೀಸಿನ ಬಣ್ಣ ಕಾಣುವವರೆಗೆ ಒತ್ತಿ ನಿಲ್ಲಿಸಿ. ಒತ್ತಿದರೂ ಏನೂ ಬಾರದೆ ಗನ್ನಿನ ಬಾಯಿಯಿಂದಲೇ ಉಕ್ಕಿದರೆ ಆ ನಿಪ್ಪಲ್ ಕಟ್ಟಿದೆ, ಬಿಚ್ಚಿ ಡೀಸೆಲಿನಲ್ಲಿ ನೆನೆಹಾಕಿ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ, ಹೊಳೆಗಿಳಿದ ದಿನ ಸಂಜೆಯೇ.

ಮುಗಿದ ಮೇಲೆ ನಿಮ್ಮ ಜೀಪಿನಲ್ಲಿ ಎಷ್ಟು ಚುಕ್ಕೆ ಆಯಿತು ಅಂತ ಬರೆಯಿರಿ. ನನ್ನದರಲ್ಲಿ ನಾನು ಹನ್ನೊಂದು ವರ್ಷ ಇಪ್ಪತ್ತೆರಡು ಅಂದುಕೊಂಡಿದ್ದೆ. ಇಪ್ಪತ್ತಮೂರನೆಯದು ಸಿಕ್ಕಿದ್ದು ಹೋದ ಆಟಿಯಲ್ಲಿ, ಅದರ ಪಿನ್ನು ತುಂಡಾದ ಮೇಲೆ.